ಸಂಚಾರಿ ಶೌಚಾಲಯಗಳ ಮಲದ ತೊಟ್ಟಿ: ವಿಶ್ವೇಶ್ವರಪುರಂ ನಾಗರಿಕರ ಮನವಿ ಪತ್ರ

ಇವರಿಗೆ: ಮಾನ್ಯ ಆಯುಕ್ತರು, ನಗರ ಪಾಲಿಕೆ, ಬೆಂಗಳೂರು
ಇವರಿಂದ: ವಿಶ್ವೇಶ್ವರಪುರಂ ನಿವಾಸಿಗಳು ಮತ್ತು ತಿಂಡಿ ಬೀದಿಯ ವ್ಯಾಪಾರಿಗಳು
ವಿಷಯ: ಸಂಚಾರಿ ಶೌಚಾಲಯಗಳ ತೊಟ್ಟಿಗಳನ್ನು ಯಂತ್ರದಿಂದಲೇ ಬರಿದು ಮಾಡಿಸಿ, ಕ್ರಮವಾಗಿ ನಿರ್ವಹಿಸುವ ಬಗ್ಗೆ

ಮಾನ್ಯರೇ,

ಸಂಚಾರಿ ಶೌಚಾಲಯಕ್ಕೆ ಒಳಚರಂಡಿಯ ಸಂಪರ್ಕವಿರುವುದಿಲ್ಲ. ಮಲಮೂತ್ರವೆಲ್ಲ ಗಾಡಿಯ ಅಡಿಯಲ್ಲಿರುವ ತೊಟ್ಟಿಯಲ್ಲಿ ನಿಲ್ಲುತ್ತದೆ. ತುಂಬಿ ಹೊರಚೆಲ್ಲುವ ಮೊದಲೇ ಅದನ್ನು ಬರಿದು ಮಾಡಬೇಕು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೂ, ತಿಂಡಿ ಬೀದಿಯಲ್ಲಿ ಬೆಳೆದು 2023ರಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋದ ಅವರೆಬೇಳೆ ಮೇಳಕ್ಕೂ ಬರುವ ಜನಸಾಗರದಲ್ಲಿ ಹೆಣ್ಣುಮಕ್ಕಳಿಗೆ, ವೃದ್ಧರಿಗೆ ಈ ಗಾಡಿಗಳು ಅನಿವಾರ್ಯ. ಅವು ಬೇಡವೆಂದು ಯಾರೂ ಕೇಳುತ್ತಿಲ್ಲ. ಅವುಗಳ ತೊಟ್ಟಿಯನ್ನು ಬಳಿಯಲು ಮನುಷ್ಯರನ್ನು ಹಚ್ಚಬಾರದು ಎಂಬುದೇ ಈ ಮನವಿಯ ತಿರುಳು.

1. ತೊಟ್ಟಿಗೆ ಮನುಷ್ಯರನ್ನು ಇಳಿಸುವುದು

ತಳದಲ್ಲಿ ಗಟ್ಟಿಯಾದ ಮಲ ಹೀರುವ ಯಂತ್ರದ ಪೈಪಿಗೆ ಬಾರದಿದ್ದಾಗ, ಗುತ್ತಿಗೆದಾರರ ಕಡೆಯವರು ಕಾರ್ಮಿಕರ ಕೈಗೆ ಬಕೆಟ್ಟು, ಸಲಿಕೆ ಕೊಟ್ಟು ಮುಚ್ಚಳದ ಬಾಯಿಂದ ಒಳಗಿಳಿಸುತ್ತಿದ್ದಾರೆ. ಕೈಗವಸಿಲ್ಲ, ಮುಖಗವಸಿಲ್ಲ. ಛಾಯಾಚಿತ್ರಗಳು (ಲಗತ್ತು 1), ವಿಡಿಯೊ (ಲಗತ್ತು 2), ಕಣ್ಣಾರೆ ಕಂಡವರ ಲಿಖಿತ ಹೇಳಿಕೆಗಳು (ಲಗತ್ತು 3), ಮಾಹಿತಿ ಹಕ್ಕಿನಡಿ ಪಡೆದ ಗುತ್ತಿಗೆಯ ಷರತ್ತುಗಳು (ಲಗತ್ತು 4), ಹಿಂದಿನ ಮನವಿಗಳ ಸ್ವೀಕೃತಿ ಪ್ರತಿಗಳು (ಲಗತ್ತು 5) ಇದರೊಂದಿಗಿವೆ. ಆ ಮನವಿಗಳಿಗೆ ಬಂದ ಉತ್ತರ ‘ಪರಿಶೀಲನೆಯಲ್ಲಿದೆ’ ಎಂಬುದೊಂದೇ.

ಕೊಳೆಯುವ ಮಲದಿಂದ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಎರಡನೆಯದು ಗಾಳಿಗಿಂತ ಭಾರವಾದುದರಿಂದ ತಳದಲ್ಲೇ ನಿಲ್ಲುತ್ತದೆ. ಪ್ರಮಾಣ ಹೆಚ್ಚಿದಂತೆ ವಾಸನೆ ಹಿಡಿಯುವ ಶಕ್ತಿಯನ್ನೇ ಕುಂದಿಸುತ್ತದೆ. ನಾತ ಬರುತ್ತಿಲ್ಲವೆಂದು ಬಗ್ಗಿದವನು ಅಲ್ಲೇ ಕುಸಿಯಬಹುದು. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳ ಅಪಾಯಕಾರಿ ಶುಚಿಗೆ ಮನುಷ್ಯರನ್ನು ಹಚ್ಚಬಾರದೆನ್ನುವ, ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ 7ನೇ ಕಲಂ ತಮ್ಮ ಕಚೇರಿಗೆ ತಿಳಿಯದ್ದಲ್ಲ. ಒಳಚರಂಡಿ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿಗೆ ನಿಗದಿಪಡಿಸಿ, 2023ರ ಅಕ್ಟೋಬರ್ 20ರಂದು 30 ಲಕ್ಷಕ್ಕೆ ಏರಿಸಿದ್ದೂ ತಿಳಿದಿದೆ. ತೊಟ್ಟಿಗೆ ಚಕ್ರವಿದೆ, ಇದು ಸೆಪ್ಟಿಕ್ ಟ್ಯಾಂಕ್ ಅಲ್ಲ ಎಂಬ ಸಬೂಬು ಕೇಳಿಬರುತ್ತಿದೆ. ಚಕ್ರ ಇದ್ದ ಮಾತ್ರಕ್ಕೆ ಒಳಗಿನ ವಿಷಾನಿಲ ಬದಲಾಗದು. ಪರಿಹಾರದ ಚೆಕ್ಕು ಬರೆಯುವ ದಿನಕ್ಕಾಗಿ ಕಾಯಬೇಕೇ?

2. ಮಲ ಗಟ್ಟಿಯಾಗಲು ಕಾರಣ ಮತ್ತು ಸರಿಯಾದ ಕ್ರಮ

ಮಲ ಗಟ್ಟಿಯಾಗುವುದು ನೀರಿನ ಕೊರತೆಯಿಂದ. ಒಣ ತೊಟ್ಟಿಯನ್ನು ಬಳಕೆಗೆ ಬಿಟ್ಟರೆ ಮಲ ರಾಶಿಯಾಗಿ ತಳಕ್ಕೆ ಅಂಟುತ್ತದೆ. ಬಳಕೆಗೆ ಮುನ್ನ ತಳ ಮುಚ್ಚುವಷ್ಟು ನೀರು ಬಿಟ್ಟು, ಜೈವಿಕ ದ್ರಾವಣ ಬೆರೆಸಬೇಕು. ಬ್ಲೀಚಿಂಗ್ ಪುಡಿ, ಫಿನಾಯಿಲ್ ಸುರಿದರೆ ಮಲ ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಫಾರ್ಮಾಲ್ಡಿಹೈಡ್ ಇರುವ ದ್ರಾವಣವಂತೂ ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳಿಗೂ ಕಂಟಕ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುವ ಈ ಕಾಲದಲ್ಲಿ ಇಲ್ಲಿನ ತಪ್ಪು ಇಲ್ಲಿಗೇ ಮುಗಿಯುವುದಿಲ್ಲ.

ಮುಕ್ಕಾಲು ತುಂಬುವ ಹೊತ್ತಿಗೆ ಸಕ್ಕಿಂಗ್ ಯಂತ್ರ ಬರಬೇಕು. ಪೈಪು ಬಿಗಿದ ಮೇಲೆಯೇ ವಾಲ್ವ್ ತೆರೆಯಬೇಕು. ಬರಿದಾದ ತೊಟ್ಟಿಯನ್ನು, ಹೊರಬರುವ ನೀರು ತಿಳಿಯಾಗುವವರೆಗೆ, ಒತ್ತಡದ ನೀರಿನಿಂದ ಹೊರಗಿನಿಂದಲೇ ತೊಳೆಯಬೇಕು. ವಾಲ್ವಿನ ರಬ್ಬರು, ಗಾಳಿ ಹೊರಹೋಗುವ ಕೊಳವೆ ಇವುಗಳನ್ನು ಪ್ರತಿ ಸಲವೂ ನೋಡಬೇಕು. ಹೀರಿದ್ದನ್ನು ಶುದ್ಧೀಕರಣ ಘಟಕಕ್ಕೇ ಮುಟ್ಟಿಸಬೇಕು. ಅದನ್ನು ರಾತ್ರಿ ಹೊತ್ತು ಮಳೆನೀರು ಚರಂಡಿಗೆ ಬಿಡುವುದು ತಿನಿಸು ಮಾರುವ ಬೀದಿಗೆ ರೋಗ ತಂದಂತೆ.

3. ಇತರ ತೊಂದರೆಗಳು

ಗಾಡಿಗಳ ಸುತ್ತ ನೊಣ, ಸೊಳ್ಳೆ ಹೆಚ್ಚಿವೆ. ಬಾಗಿಲ ಚಿಲಕ ಸರಿಯಿಲ್ಲ, ಕೈ ತೊಳೆಯಲು ನೀರಿಲ್ಲ.

ಬೇಡಿಕೆಗಳು

1. ತೊಟ್ಟಿಯೊಳಗೆ ಮನುಷ್ಯರು ಇಳಿಯುವುದನ್ನು ಇಂದಿನಿಂದಲೇ ನಿಲ್ಲಿಸಿ, ತಪ್ಪಿದ ಗುತ್ತಿಗೆದಾರರ ಮೇಲೆ ಮೊಕದ್ದಮೆ ಹೂಡಬೇಕು.
2. ಈಗಾಗಲೇ ಈ ಕೆಲಸಕ್ಕೆ ಹಚ್ಚಿದ ಕಾರ್ಮಿಕರಿಗೆ ಆರೋಗ್ಯ ತಪಾಸಣೆ, ಬಾಕಿ ಕೂಲಿ, ಕಾಯ್ದೆಯಂತೆ ಪುನರ್ವಸತಿ ಒದಗಿಸಬೇಕು.
3. ಪ್ರತಿ ಗಾಡಿಗೂ ದಾಖಲೆ ಪುಸ್ತಕವಿಟ್ಟು, ಬರಿದು ಮಾಡಿದ ಸಮಯ, ವಾಹನದ ಸಂಖ್ಯೆ, ಘಟಕದ ರಸೀದಿ ನಮೂದಿಸಬೇಕು.
4. ಪರಿಷೆ, ಮೇಳಗಳ ದಿನಗಳಲ್ಲಿ ಸಕ್ಕಿಂಗ್ ಯಂತ್ರವನ್ನು ಸ್ಥಳದಲ್ಲೇ ನಿಲ್ಲಿಸಬೇಕು.
5. ಸಜ್ಜನ್ ರಾವ್ ವೃತ್ತದ ಬಳಿಯ ಹಳೆಯ ತಿಂಡಿ ಅಂಗಡಿಗಳ ಎದುರು ಗಾಡಿ ನಿಲ್ಲಿಸದೆ ಬೇರೆ ಜಾಗ ಗುರುತಿಸಬೇಕು.
6. ಮುಂದಿನ ಪರಿಷೆಗೆ ಮೊದಲು ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು.

ಸಹಿ ಮಾಡಿದವರ ಪಟ್ಟಿಯನ್ನು ಲಗತ್ತಿಸಿದೆ.


ವಿಶ್ವೇಶ್ವರಪುರಂ ನಿವಾಸಿಗಳು ಮತ್ತು ವ್ಯಾಪಾರಿಗಳು