ಹೊಗೆಗೆ ದಂಡ, ಕೂಳೆಗೆ ಬೆಲೆಯಿಲ್ಲ

ಕಾರ್ತೀಕ ಬಂತೆಂದರೆ ದೆಹಲಿಯವರಿಗೆ ಪಂಜಾಬಿನ ರೈತ ನೆನಪಾಗ್ತಾನೆ. ಬೆಲೆ ಕೇಳೋಕಲ್ಲ, ಬೈಯೋಕೆ. ಭತ್ತದ ಕೂಳೆ ಸುಟ್ಟ ಹೊಗೆ ಕೆಟ್ಟದ್ದು, ನಿಜ. ಅದರ ಸಣ್ಣ ಕಣ ಶ್ವಾಸಕೋಶ ದಾಟಿ ರಕ್ತಕ್ಕೇ ಸೇರುತ್ತೆ. ದಮ್ಮು, ಹೃದಯದ ಕಾಯಿಲೆ ತರುತ್ತೆ. ಅದನ್ನು ಮೊದಲು ಕುಡಿಯೋದು ಸುಟ್ಟವನ ಮನೆ ಮಕ್ಕಳೇ. ಮತ್ತೆ ಯಾಕೆ ಸುಡ್ತಾನೆ? ಅಂತರ್ಜಲ ಉಳಿಸಲೆಂದು 2009ರ ಕಾಯಿದೆ ನಾಟಿಯನ್ನು ಜೂನ್‌ಗೆ ದೂಡಿತು. ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ಉಳಿದದ್ದು ಎರಡು ಮೂರು ವಾರ. ಕೂಳೆ ತೆಗೆಸಲು ಯಂತ್ರದ ಬಾಡಿಗೆಗೆ ಮತ್ತೆ ಸಾಲ, ಬೆಂಕಿಕಡ್ಡಿ ಅಗ್ಗ. ಸುಡದ ಸಣ್ಣ ರೈತನಿಗೆ ಕ್ವಿಂಟಾಲಿಗೆ 100 ರೂಪಾಯಿ ಕೊಡಿ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2024ರಲ್ಲಿ ಕೇಂದ್ರ ಸರ್ಕಾರ ದಂಡವನ್ನೇ ಇಮ್ಮಡಿ ಮಾಡಿತು: ಎರಡು ಎಕರೆಯೊಳಗಿನವನಿಗೂ 5000. ಹೊಗೆ ನಿಲ್ಲಲಿ ಸ್ವಾಮಿ, ಬೇಡ ಅಂದವರಾರು? ಕೂಳೆ ತೆಗೆಯುವ ಖರ್ಚನ್ನು ಭತ್ತದ ಬೆಂಬಲ ಬೆಲೆಗೆ ಸೇರಿಸಿ, ಆಮೇಲೆ ದಂಡದ ಪುಸ್ತಕ ತನ್ನಿ.