ಹೊಳಪೂ ಸವೆತವೂ

ನಾಣ್ಯವು ಕೈಯಿಂದ ಕೈಗೆ ಹೋಗುವುದಕ್ಕಾಗಿ ಹುಟ್ಟಿದ್ದು. ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯಾರ ಕೈಗೂ ಹೋಗದಿರಲೆಂದೇ ಹುಟ್ಟುವ ನಾಣ್ಯಗಳೂ ಉಂಟೆಂಬುದನ್ನು ನಾನು ತಿಳಿದದ್ದು ಒಬ್ಬ ವಿದ್ಯಾರ್ಥಿಯಿಂದ. ಅವನು ಸಂಡೂರು ತಾಲ್ಲೂಕಿನ ವಡ್ಡುವಿನವನು. ಒಂದು ದಿನ ತಾನು ಕೂಡಿಟ್ಟ ದೇಶವಿದೇಶಗಳ ನಾಣ್ಯಗಳ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟನು. ನಾನು ಒಂದನ್ನು ಎತ್ತಿಕೊಳ್ಳಲು ಕೈಚಾಚಿದೊಡನೆ, "ಮೈ ಮುಟ್ಟಬ್ಯಾಡ್ರಿ ಸಾರ್, ಅಂಚು ಹಿಡೀರಿ" ಎಂದು ಗಾಬರಿಯಾದನು. ನನಗೆ ನಗು ಬಂದಿತು. ಆದರೆ ಪೆಟ್ಟಿಗೆಯನ್ನು ನೋಡುತ್ತ ಹೋದಂತೆ ನಗು ನಿಂತಿತು.

ಒಂದೇ ವಿನ್ಯಾಸದ ನಾಣ್ಯಕ್ಕೆ ಟಂಕಸಾಲೆಗಳು ಬೇರೆ ಬೇರೆ ಮೆರುಗನ್ನು ಕೊಡುತ್ತವೆ. ಪೇಟೆಯ ವ್ಯವಹಾರಕ್ಕೆಂದು ಯಂತ್ರವು ಭರದಿಂದ ಒತ್ತಿ ಉದುರಿಸುವುದು ಒಂದು ಬಗೆ. ಹಾಗೆಯೇ ಒತ್ತಿದರೂ ಚಲಾವಣೆಗೆ ಬಿಡದೆ, ಹುಟ್ಟುಹೊಳಪು ಕೆಡದಂತೆ ಕಟ್ಟಿಡುವುದು ಎರಡನೆಯದು. ಮೂರನೆಯದು ಪ್ರೂಫ್. ಇದಕ್ಕೆ ಅಚ್ಚನ್ನೂ ಬಿಲ್ಲೆಯನ್ನೂ ಮೊದಲೇ ನಯಗೊಳಿಸಿ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಹಿನ್ನೆಲೆಯ ಬಯಲು ಕನ್ನಡಿಯಾಗುತ್ತದೆ, ಚಿತ್ರವು ಇಬ್ಬನಿ ಕವಿದಂತೆ ಬೆಳ್ಳಗೆ ಮೇಲೇಳುತ್ತದೆ. ಜರ್ಮನರು ಎರಡನೆಯದನ್ನು ಅಚ್ಚಿನ ಹೊಳಪೆಂದೂ ಮೂರನೆಯದನ್ನು ಕನ್ನಡಿಯ ಹೊಳಪೆಂದೂ ಅರ್ಥವತ್ತಾಗಿ ಕರೆಯುತ್ತಾರೆ. ಅಮೆರಿಕದ ಟಂಕಸಾಲೆ 2006ರಲ್ಲಿ ಇದನ್ನೇ ತಿರುವುಮುರುವು ಮಾಡಿ, ಚಿತ್ರಕ್ಕೆ ಕನ್ನಡಿಯನ್ನೂ ಬಯಲಿಗೆ ಇಬ್ಬನಿಯನ್ನೂ ಕೊಟ್ಟಿತು. ನಮ್ಮ ಮುಂಬಯಿ ಟಂಕಸಾಲೆಯ ಸಾಮಾನ್ಯ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿಯ ಗುರುತಿದ್ದರೆ, ಪ್ರೂಫ್ ನಾಣ್ಯಗಳಲ್ಲಿ 'ಎಂ' ಎಂಬ ಅಕ್ಷರವಿರುತ್ತದೆ. ಮುದ್ರಣಾಲಯದಲ್ಲಿ ಪ್ರೂಫ್ ಎಂದರೆ ತಪ್ಪು ತಿದ್ದಲು ತೆಗೆದ ಕರಡಚ್ಚು. ಟಂಕಸಾಲೆಯಲ್ಲಿಯೂ ಮೊದಲು ಅದು ಅಚ್ಚಿನ ಪರೀಕ್ಷೆಗೆ ತೆಗೆದ ಮಾದರಿಯೇ. ಅಲ್ಲಿ ಕರಡಾಗಿಯೇ ಉಳಿದ ಮಾತು ಇಲ್ಲಿ ಪರಿಪೂರ್ಣತೆಗೆ ಹೆಸರಾಯಿತು.

ಹುಡುಗನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಾಗಿ ಹೊಳೆಯುತ್ತಿದ್ದುದು ಮಹಾತ್ಮ ಬಸವೇಶ್ವರರ ಸ್ಮರಣೆಗಾಗಿ ಭಾರತ ಸರ್ಕಾರವು 2006ರಲ್ಲಿ ಹೊರತಂದ ನೂರು ರೂಪಾಯಿಯ ನಾಣ್ಯ: 35 ಗ್ರಾಂ ತೂಕ, ಅರ್ಧಪಾಲು ಬೆಳ್ಳಿ. ಅದೇ ಸ್ಮರಣೆಯ ಐದು ರೂಪಾಯಿಯ ಬಿಲ್ಲೆಯೂ ಬಂದಿತ್ತು. ಅದು ಪೇಟೆಗೆ ಇಳಿದು ಓಡಾಡಿತು. ಅಂಥದೊಂದು ನನ್ನ ಜೇಬಿನಲ್ಲಿಯೇ ಇತ್ತು. ತೆಗೆದು ಕೊಟ್ಟೆ. ಅವನು ತಿರುವಿ ನೋಡಿ, "ಇದು ಸವದೈತ್ರಿ ಸಾರ್, ಕಿಮ್ಮತ್ತಿಲ್ಲ" ಎಂದು ಹಿಂದಿರುಗಿಸಿದನು.

ನನ್ನ ತಕರಾರು ಇರುವುದು ಈ ಮಾತಿನೊಡನೆ. ಮಾರಾಟಗಾರರ ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ. ಆದರೆ ಕಾಯಕವನ್ನು ಬಾಳಿನ ಬೆಲೆಯನ್ನಾಗಿ ಕಂಡ ಮಹಾನುಭಾವನ ಹೆಸರಿನ ನಾಣ್ಯಗಳಲ್ಲಿ ಕಾಯಕ ಮಾಡಿದ್ದು ಯಾವುದು? ಮಖಮಲ್ಲಿನ ಮೇಲೆ ಮಲಗಿದ ನೂರು ರೂಪಾಯಿಯೊ, ಹೊಸಪೇಟೆಯ ಸಂತೆಯಲ್ಲಿ ಸೊಪ್ಪು ಮಾರುವವಳ ಚೀಲದಿಂದ ಕಂಪ್ಲಿಯ ಬಸ್ಸಿನ ಕಂಡಕ್ಟರನ ಕೈಗೆ ಹೋದ ಐದು ರೂಪಾಯಿಯೊ? ಸವೆತವು ಕೊರತೆಯಲ್ಲ, ದುಡಿಮೆಯ ದಾಖಲೆ.

ಹಾಗೆಂದು ಹೊಳಪನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕನ್ನಡ ಪಾಠ ಹೇಳುವವನಿಗೆ ಗ್ರಂಥಸಂಪಾದನೆಯ ಹೋಲಿಕೆ ಬೇಗ ಹೊಳೆಯುತ್ತದೆ. ಕವಿಯ ಮೂಲಪಾಠ ಯಾವುದಿದ್ದೀತೆಂದು ನಾವು ಹುಡುಕುತ್ತೇವೆ; ಆದರೆ ಲಿಪಿಕಾರನ ಕೈತಪ್ಪನ್ನಾಗಲಿ ಓಲೆಯ ಅಂಚಿನ ಟಿಪ್ಪಣಿಯನ್ನಾಗಲಿ ಬಿಸಾಡುವುದಿಲ್ಲ. ಕಾವ್ಯವು ಯಾರ ನಡುವೆ ಬದುಕಿತೆಂಬುದು ಅವುಗಳಿಂದಲೇ ತಿಳಿಯಬೇಕು. ಪ್ರೂಫ್ ನಾಣ್ಯವು ಕಲಾವಿದನ ಮನಸ್ಸಿನಲ್ಲಿದ್ದುದನ್ನು ಹೇಳುತ್ತದೆ. ಚಲಾವಣೆಯಾಗದ ನಾಣ್ಯವು ಟಂಕಸಾಲೆಯ ದಿನನಿತ್ಯದ ಕೈಯನ್ನು ತೋರಿಸುತ್ತದೆ. ಸವೆದ ನಾಣ್ಯವು ಜನ ಅದನ್ನು ಹೇಗೆ ಬಳಸಿದರೆಂಬುದನ್ನು ತಿಳಿಸುತ್ತದೆ. ಮೂರನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಒಂದು ನಾಣ್ಯವನ್ನು ಪೂರ್ತಿ ಓದಿದಂತಾಯಿತು.

ಇದನ್ನು ತಿಳಿಯದೆ ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ನನ್ನ ಅಜ್ಜನ ಬಳಿ ಐದನೆಯ ಜಾರ್ಜ್ ದೊರೆಯ ಮುಖವಿದ್ದ ಬೆಳ್ಳಿಯ ರೂಪಾಯಿಯೊಂದಿತ್ತು. ವರ್ಷಕ್ಕೊಮ್ಮೆ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಗೆ ಬರುತ್ತಿತ್ತು. ಅದು ಕಪ್ಪಾಗಿದೆಯೆಂದು ನಾನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳಗಿದೆ. ರೂಪಾಯಿ ಹೊಳೆಯಿತು, ಅದರ ಮೈತುಂಬ ಗೀರುಗಳೆದ್ದವು. ಅಜ್ಜ ಏನೂ ಅನ್ನಲಿಲ್ಲ, ಆದರೆ ಮರುವರ್ಷ ಅದನ್ನು ನನ್ನ ಕೈಗೆ ಕೊಡಲಿಲ್ಲ. ಟಂಕಸಾಲೆಯ ಹೊಳಪು ಒಂದು, ಜನರ ಕೈಯ ಸವೆತ ಇನ್ನೊಂದು. ನಾನು ಮಾಡಿದ್ದು ಇವೆರಡೂ ಅಲ್ಲ, ಎರಡನ್ನೂ ಅಳಿಸಿದ ಸುಳ್ಳು ಹೊಳಪು. ಹಳೆಯ ನಾಣ್ಯವನ್ನು ಉಜ್ಜಬೇಡಿರೆಂದು ಸಂಗ್ರಾಹಕರು ಹೇಳುವುದು ಬೆಲೆ ಇಳಿಯುತ್ತದೆಂದು. ನಾನು ಹೇಳುವುದು ಕಥೆ ಅಳಿಯುತ್ತದೆಂದು.

ಈ ಮಾತು ನಮ್ಮ ಸೀಮೆಯಲ್ಲಿ ವಿಶೇಷವಾಗಿ ಸಲ್ಲುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ಇಲ್ಲಿಯ ವರಾಹ, ಪ್ರತಾಪ, ಹಣ, ತಾರಗಳನ್ನು ಒಂದೊಂದಾಗಿ ಹೆಸರಿಸಿ, ಎಲ್ಲಕ್ಕಿಂತ ಹೆಚ್ಚು ಉಪಯೋಗದಲ್ಲಿರುವುದು ಪುಟ್ಟ ಹಣವೆಂದು ಬರೆದನು. ಕೃಷ್ಣದೇವರಾಯನ ವರಾಹದ ಮೇಲಣ ಬಾಲಕೃಷ್ಣನನ್ನು ಕೈಯಿಂದ ಬಡಿದು ಮೂಡಿಸಿದರು. ಆದ್ದರಿಂದ ಒಂದು ಇನ್ನೊಂದರಂತಿಲ್ಲ. ಅಂಥ ನಾಣ್ಯಗಳನ್ನು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ನೋಡಿ ಕಲಿಯಬಹುದು. ಆದರೆ ಅವನ್ನು ತನ್ನದಾಗಿ ಮಾಡಿಕೊಳ್ಳುವ ಆಸೆಯೇ ನಿಧಿಗಳ್ಳರ ಗುದ್ದಲಿಗೆ ಕಾವು. ಹಂಪೆಯ ಸುತ್ತ ಅಗೆದು ಕೆಡಿಸಿದ ಗುಡಿಗಳು ಇದನ್ನು ಸಾರುತ್ತವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ಹೊಸ ನಾಣ್ಯಗಳನ್ನು ಕೂಡಿಸುವ ನನ್ನ ವಿದ್ಯಾರ್ಥಿಯಾದರೊ ಯಾವ ಗರ್ಭಗುಡಿಯನ್ನೂ ಅಗೆಯಬೇಕಾಗಿಲ್ಲ. ಟಂಕಸಾಲೆಗೆ ಹಣ ಕಳಿಸಿದರೆ ಸಾಕು. ಆದ್ದರಿಂದಲೇ ಅವನ ಹವ್ಯಾಸವನ್ನು ನಾನು ಮೆಚ್ಚುತ್ತೇನೆ.

ಅವನಲ್ಲಿ ನಾನು ಬೇಡುವುದು ಇಷ್ಟೆ: ಆ ಪೆಟ್ಟಿಗೆಯಲ್ಲಿ ಒಂದು ಮನೆ ಸವೆದ ನಾಣ್ಯಕ್ಕೂ ಇರಲಿ. ನೂರು ರೂಪಾಯಿಯ ಪಕ್ಕದಲ್ಲಿ ಐದು ರೂಪಾಯಿಯೂ ಕೂಡಲಿ. ನೂರು ವರ್ಷಗಳ ಮೇಲೆ ಅದನ್ನು ತೆರೆದವರಿಗೆ ನಮ್ಮ ಟಂಕಸಾಲೆಯ ಕೌಶಲದ ಜೊತೆಗೆ ನಮ್ಮ ಸಂತೆಯ ಗುರುತೂ ಸಿಗಬೇಕು.