ಹತ್ತು ಸೆಂಟಿಮೀಟರ್ ಹತ್ತೇ ಇರಲಿ

ನಮ್ಮ ಅಭ್ಯಾಸ ಬೋಧನೆಯ ವೀಕ್ಷಣಾ ಪಟ್ಟಿಯಲ್ಲಿ ಬೋಧನೋಪಕರಣದ ಅಂದಕ್ಕೆ, ಸ್ಪಷ್ಟತೆಗೆ, ಬಳಕೆಗೆ ಅಂಕಗಳಿವೆ. ಮುದ್ರಿಸಿದ ಚಿತ್ರದ ಅಳತೆ ನಿಜವೇ ಎಂದು ಕೇಳುವ ಕಲಂ ಮಾತ್ರ ಇಲ್ಲ. ಗಣಿತ ಮತ್ತು ಸಮಾಜ ವಿಜ್ಞಾನದ ಪಾಠಗಳಿಗೆ ಅದು ಇರಲೇಬೇಕು ಎಂಬುದು ನನ್ನ ವಾದ.

ಸೋಲದೇವನಹಳ್ಳಿಯ ಸುತ್ತ ಇಂಜಿನಿಯರಿಂಗ್, ವಾಸ್ತುಶಿಲ್ಪ ವಿದ್ಯಾರ್ಥಿಗಳು ಬಹಳ. ಅವರು ನಕ್ಷೆ ಮುದ್ರಿಸಲು ಬಂದರೆ ಜೆರಾಕ್ಸ್ ಅಂಗಡಿಯವರು ಮೊದಲು ಕೇಳುವುದು, "ಯಾವ ಸೈಜು, ಸ್ಕೇಲ್ ಎಷ್ಟು?" ಎಂದು. ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಕೇಳುವುದು, "ಎಷ್ಟು ಕಾಪಿ?" ಎಂದಷ್ಟೇ.

ಇದರ ಪರಿಣಾಮವನ್ನು ಶಾಲೆಯೊಂದರಲ್ಲಿ ಕಂಡೆ. ಅಭ್ಯಾಸ ಹಾಳೆಯಲ್ಲಿ ಎಬಿ ರೇಖಾಖಂಡ 10 ಸೆಂ.ಮೀ. ಎಂದು ಬರೆದಿತ್ತು. ಹುಡುಗಿಯೊಬ್ಬಳು ಅಳೆದಳು, 9.4 ಬಂತು. "ಸರಿಯಾಗಿ ಅಳಿಯಮ್ಮ" ಎಂದರು ಶಿಕ್ಷಕಿ. ಮತ್ತೆ ಅಳೆದಳು, ಅಷ್ಟೇ ಬಂತು. ಕೊನೆಗೆ 9.4 ಅನ್ನು ಅಳಿಸಿ 10 ಎಂದು ಬರೆದಳು. ತನ್ನ ಕಣ್ಣಿಗಿಂತ ಅಚ್ಚಾದ ಹಾಳೆಯೇ ದೊಡ್ಡದು ಎಂಬ ಪಾಠವನ್ನು ಆ ಮಗು ಅಂದು ಕಲಿತಿತು.

ಕಾರಣ ಸರಳ. ಎ4 ಹಾಳೆ 210 × 297 ಮಿ.ಮೀ.; ಅಮೆರಿಕದ ಲೆಟರ್ ಹಾಳೆ ಸುಮಾರು 216 × 279. ಎ4ನಲ್ಲಿ ರಚಿಸಿದ ಪುಟವನ್ನು ಲೆಟರ್ ಎಂದು ಹೊಂದಿಸಿದ ಪ್ರಿಂಟರಿಗೆ ಕಳಿಸಿ 'ಫಿಟ್' ಒತ್ತಿದರೆ ಚಿತ್ರ ಸುಮಾರು ಶೇ. 94ಕ್ಕೆ ಕುಗ್ಗುತ್ತದೆ. ಅಂಚುಗಳನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನಷ್ಟು. ಉದ್ದ ಶೇ. 94 ಆದರೆ ವಿಸ್ತೀರ್ಣ ಶೇ. 88ರಷ್ಟೇ. ಕೋನಗಳು ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಕೋನಮಾಪಕದ ಪಾಠದಲ್ಲಿ ಈ ದೋಷ ಹೊರಬೀಳುವುದೇ ಇಲ್ಲ.

ಪರಿಹಾರಕ್ಕೆ ಖರ್ಚಿಲ್ಲ. ಕಡತದ ಪುಟದ ಅಳತೆ, ಪ್ರಿಂಟರಿನ ಕಾಗದದ ಅಳತೆ ಎರಡನ್ನೂ ಎ4 ಮಾಡಿ. 'ಫಿಟ್' ಬದಲು 'ಆ್ಯಕ್ಚುವಲ್ ಸೈಜ್' ಅಥವಾ ಶೇ. 100 ಆರಿಸಿ. ಸಾಮಾನ್ಯ ಪ್ರಿಂಟರುಗಳು ಹಾಳೆಯ ತುದಿಯವರೆಗೆ ಮುದ್ರಿಸುವುದಿಲ್ಲ. ಸುತ್ತ 15 ಮಿ.ಮೀ. ಬಿಡಿ. ಪ್ರತಿ ಹಾಳೆಯ ಕೆಳಗೆ 10 ಸೆಂ.ಮೀ. ಗೆರೆ ಎಳೆಯಿರಿ. ಒಂದು ಪ್ರತಿ ತೆಗೆದು, ಆ ಗೆರೆಯನ್ನು ಅಳೆದು, ಆಮೇಲೆ ನಲವತ್ತು ಪ್ರತಿ ತೆಗೆಸಿ.

"ಚಿತ್ರ ಅಳತೆಗೆ ತಕ್ಕಂತಿಲ್ಲ ಎಂದು ಬರೆದರೆ ಸಾಲದೇ?" ಎಂದು ಕೆಲವರು ಕೇಳುತ್ತಾರೆ. ಪ್ರಮೇಯ ಸಾಧಿಸುವಾಗ ಸಾಕು. ಸ್ಕೇಲ್ ಹಿಡಿದು ಅಳೆಯಿರಿ ಎಂದು ಹೇಳುವ ಹಾಳೆಯಲ್ಲಿ ಸಾಲದು.

ಕುಗ್ಗಿದ ಹಾಳೆಯೂ ವ್ಯರ್ಥವಲ್ಲ. ಎ ಸರಣಿಯ ಎಲ್ಲ ಹಾಳೆಗಳ ಬದಿಗಳ ಅನುಪಾತ 1:√2. ಎ3ಯನ್ನು ಎ4ಗೆ ಇಳಿಸುವಾಗ ಜೆರಾಕ್ಸ್ ಯಂತ್ರ ಶೇ. 71 ತೋರಿಸುವುದು ಅದರಿಂದಲೇ. ಹತ್ತನೇ ತರಗತಿಯ ಸಮರೂಪತೆಗೆ ಇದಕ್ಕಿಂತ ಅಗ್ಗದ ಉಪಕರಣ ಎಲ್ಲಿದೆ? ಭೂಪಟದಲ್ಲೂ ಅಷ್ಟೇ: "1 ಸೆಂ.ಮೀ. = 1 ಕಿ.ಮೀ." ಎಂಬ ಬರಹ ಕುಗ್ಗಿದಾಗ ಸುಳ್ಳಾಗುತ್ತದೆ, ರೇಖಾ ಪ್ರಮಾಣ ಚಿತ್ರದೊಂದಿಗೇ ಕುಗ್ಗಿ ನಿಜವಾಗಿ ಉಳಿಯುತ್ತದೆ.

ಭಾರತೀಯ ಮಾನಕ ಬ್ಯೂರೋ ತಾಂತ್ರಿಕ ರೇಖಾಚಿತ್ರದ ಕೈಪಿಡಿ ಎಸ್‌ಪಿ 46 ಅನ್ನು ಹೊರತಂದಿದ್ದೇ ಶಾಲಾ ಕಾಲೇಜುಗಳಿಗಾಗಿ. ನಾವು ಅಷ್ಟು ದೂರ ಹೋಗಬೇಕಿಲ್ಲ. ವೀಕ್ಷಣಾ ಪಟ್ಟಿಗೆ ಒಂದು ಸಾಲು ಸೇರಿಸೋಣ: "ಮುದ್ರಿತ ಅಳತೆಯನ್ನು ಪ್ರಶಿಕ್ಷಣಾರ್ಥಿ ಪರಿಶೀಲಿಸಿದ್ದಾರೆಯೇ?" ಅದಕ್ಕೆ ಎರಡು ಅಂಕವಿರಲಿ.